ಒಂದನೆಯದು ಯಾವ ಕಡೆ

ಕನ್ನಡಿಯೊಳಗಿನವನು ಎಡಗೈಯಲ್ಲಿ ಹಲ್ಲುಜ್ಜುತ್ತಿದ್ದ. ಐವತ್ತನಾಲ್ಕು ವರ್ಷಗಳಿಂದ ಬೆಳಗಾದರೆ ನೋಡುತ್ತ ಬಂದ ಮುಖ. ಅದರ ಕೈ ಯಾವುದು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಶುಕ್ರವಾರದಿಂದ ಬೇರೇನೂ ಕಣ್ಣಿಗೆ ಬೀಳುತ್ತಿಲ್ಲ. ಷರ್ಟಿನ ಜೇಬು ಬಲಕ್ಕೆ ಬಂದಿದೆ, ಹುಬ್ಬಿನ ಮೇಲಿನ ಮಚ್ಚೆ ಅತ್ತಲಿಂದ ಇತ್ತ ದಾಟಿದೆ, ಇಷ್ಟೆಲ್ಲ ಅದಲುಬದಲಾದರೂ ಆ ಮನುಷ್ಯ ಏನೂ ಆಗಿಲ್ಲವೆಂಬಂತೆ ನೊರೆ ಉಗುಳುತ್ತಿದ್ದಾನೆ. ಅವನು ಮುಖಕ್ಕೆ ನೀರು ಹೊಡೆದುಕೊಂಡು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಿಂತ. ಹೊರಗಿನಿಂದ ಹೆಂಡತಿಯ ದನಿ ಬಂತು. "ನನ್ ತಮ್ಮ ಆಗ್ಲೇ ಬಂದು ಕೂತಿದಾನೆ. ಒಂದು ತುತ್ತೂ ಮುಟ್ತಿಲ್ಲ. ಹನ್ನೊಂದು ಗಂಟೆಗಂತೆ ವಿಚಾರಣೆ." ಆಮೇಲೆ ಬಾಗಿಲ ಹತ್ತಿರ ಬಂದು, ದನಿ ತಗ್ಗಿಸಿ, "ನೀವಿದೀರಲ್ಲ, ಹೆದರ್ಕೋಬೇಡ ಅಂತ ಹೇಳಿದೀನಿ." ಟವೆಲಿನೊಳಗಿಂದಲೇ ಅವನು ಹೂಂ ಅಂದ. ಮುಖ ಮುಚ್ಚಿಕೊಂಡು ಹೇಳಿದ್ದು ಲೆಕ್ಕಕ್ಕಿಲ್ಲ ಎಂದು ಅವನಿಗೆ ಅನ್ನಿಸಿತು.

ಹೆಂಡತಿಯ ತಮ್ಮನನ್ನು ಮನೆಯಲ್ಲಿ ಎಲ್ಲರೂ ಗುಂಡ ಎನ್ನುತ್ತಾರೆ. ಹುಟ್ಟಿದಾಗ ಗುಂಡಗಿದ್ದನಂತೆ, ಈಗ ಮೂವತ್ತನಾಲ್ಕನೆಯ ವಯಸ್ಸಿಗೆ ಷರ್ಟು ಮೊಳೆಗೆ ತೂಗುಹಾಕಿದ ಹಾಗೆ ಮೈಮೇಲೆ ನೇತಾಡುತ್ತದೆ, ಹೆಸರು ಮಾತ್ರ ಇಳಿದಿಲ್ಲ. ಎರಡು ಕಡೆ ಕೆಲಸ ಬಿಟ್ಟು, ಅಂದರೆ ಬಿಡಿಸಿಕೊಂಡು, ಮನೆಯಲ್ಲಿ ಕೂತಿದ್ದವನನ್ನು ಎಂಟು ತಿಂಗಳ ಹಿಂದೆ ಭಾವನಾದ ಅವನೇ ಕೈಹಿಡಿದು ತಂದು ತನ್ನ ಪ್ರಯೋಗಾಲಯಕ್ಕೆ ಸೇರಿಸಿದ್ದ. ಗುಂಡನ ಹೆಂಡತಿ ಮಗಳನ್ನು ಕರೆದುಕೊಂಡು ತವರಿನಲ್ಲಿದ್ದಾಳೆ. ಕೆಲಸ ಕಾಯಂ ಆದ ದಿನ ಬರುತ್ತೇನೆ, ಅಲ್ಲಿಯವರೆಗೆ ಮುಖ ತೋರಿಸಬೇಡ ಎಂದಿದ್ದಾಳೆ. ಕಾಯಂ ಆಗಬೇಕಾದ್ದು ಈ ತಿಂಗಳ ಕೊನೆಗೆ. ಬಾಡಿಗೆಯ ಎರಡು ಕೋಣೆಗೂ ಗುಂಡ ತಾನೇ ನಿಂತು ಸುಣ್ಣ ಹೊಡೆದಿದ್ದಾನೆ. ಉಗುರಿನ ಸಂದಿಯಲ್ಲಿ ಅದು ಇನ್ನೂ ಇದೆ. ಕಾರಿನಲ್ಲಿ ಆ ಉಗುರುಗಳನ್ನೇ ಕೆರೆಯುತ್ತ ಕೂತಿದ್ದವನು ಸಿಗ್ನಲಿನಲ್ಲಿ ಕಾರು ನಿಂತಾಗ ಬಾಯಿಬಿಟ್ಟ. "ಭಾವ, ಶನಿವಾರ ಭಾನುವಾರ ಎರಡು ದಿನಾನೂ ತಲೆ ಕೆಡಿಸ್ಕೊಂಡೆ. ನೀವು ಹೇಳಿದ ಹಾಗೇ ಪಟ್ಟಿ ಹಾಕ್ದೆ ಅಂತಾನೇ ನೆನಪು. ಎಲ್ಲಿ ಎಡವಟ್ಟಾಯ್ತೋ ಗೊತ್ತಾಗ್ತಿಲ್ಲ." ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ದೀಪ ಇನ್ನೂ ಕೆಂಪಗೇ ಇತ್ತು. "ಟೈಪ್ ಮಾಡೋವಾಗ ಆಗಿರತ್ತೆ," ಎಂದ ಅವನು, ರಸ್ತೆಯ ಮೇಲಿಂದ ಕಣ್ಣು ತೆಗೆಯದೆ. "ಹೌದು," ಎಂದ ಗುಂಡ, "ಟೈಪ್ ಮಾಡೋವಾಗ್ಲೇ ಆಗಿರ್ಬೇಕು." ಅಪರಾಧ ಯಾವುದೆಂದು ಕೊನೆಗೂ ತಿಳಿದವನ ನೆಮ್ಮದಿ ಆ ದನಿಯಲ್ಲಿತ್ತು.

ಭಾವನಿಗೆ ಆಫೀಸಿನಲ್ಲಿ ಮೇಷ್ಟ್ರು ಎಂದು ಅಡ್ಡಹೆಸರು. ಹೊರಗಿನವರು ಬಂದರೆ ಆಂಟೆನಾ ಹೇಗೆ ಕೆಲಸ ಮಾಡುತ್ತದೆಂದು ಬಿಡಿಸಿ ಹೇಳುವುದು ಅವನೇ, ಮೂವತ್ತು ವರ್ಷಗಳಿಂದ ಅದೇ ಮಾತುಗಳಲ್ಲಿ. ಬಾಗಿಲಿನಷ್ಟಗಲದ ಚಪ್ಪಟೆ ಹಲಗೆ; ಅದರ ಮೈತುಂಬ ಸಾಲು ಸಾಲಾಗಿ ಉಗುರಿನಷ್ಟು ಬಿಲ್ಲೆಗಳು. ಇದು ತಟ್ಟೆಯಾಕಾರದ ಆಂಟೆನಾದ ಹಾಗೆ ಕತ್ತು ತಿರುಗಿಸುವುದಿಲ್ಲ, ಇದಕ್ಕೆ ಮೋಟಾರಿಲ್ಲ. ಹಾಗಾದರೆ ಉಪಗ್ರಹದ ಕಡೆಗೆ ಹೇಗೆ ನೋಡುತ್ತದೆ? ಇಲ್ಲಿ ಅವನು ಸ್ವಲ್ಪ ತಡೆಯುತ್ತಾನೆ, ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿ ಎಂದು. ಕೆರೆಯ ದಡದಲ್ಲಿ ನೂರು ಜನ ಸಾಲಾಗಿ ಕೂತು ಅಂಗೈಯಲ್ಲಿ ನೀರು ಬಡಿಯುತ್ತಿದ್ದಾರೆ ಅಂದುಕೊಳ್ಳಿ. ಎಲ್ಲರೂ ಒಟ್ಟಿಗೆ ಬಡಿದರೆ ಸಣ್ಣ ಸಣ್ಣ ಅಲೆಗಳೆಲ್ಲ ಕೂಡಿ ಒಂದು ದೊಡ್ಡ ಅಲೆಯಾಗಿ ನೇರ ಮುಂದಕ್ಕೆ ಹೋಗುತ್ತದೆ. ಎಡತುದಿಯವನು ಮೊದಲು ಬಡಿದು, ಅವನ ಪಕ್ಕದವನು ಒಂದು ಚೂರು ತಡವಾಗಿ, ಅವನ ಪಕ್ಕದವನು ಇನ್ನೊಂದು ಚೂರು ತಡವಾಗಿ ಬಡಿಯುತ್ತ ಹೋದರೆ ಅಲೆ ಬಲಕ್ಕೆ ವಾಲಿಕೊಂಡು ಹೋಗುತ್ತದೆ. ಕೂತವರು ಯಾರೂ ಜಾಗ ಬಿಟ್ಟು ಕದಲಿಲ್ಲ, ಅಲೆ ಮಾತ್ರ ತಿರುಗಿತು. ಬೇರೆ ಕೆಲವು ದಿಕ್ಕುಗಳಲ್ಲಿ ಒಬ್ಬನ ಉಬ್ಬು ಇನ್ನೊಬ್ಬನ ತಗ್ಗಿಗೆ ಬಿದ್ದು ಎಲ್ಲವೂ ವಜಾ; ಅಲ್ಲಿ ನಿಂತವನಿಗೆ ನೂರು ಜನ ಬಡಿಯುತ್ತಿದ್ದರೂ ನೀರು ಅಲುಗಿದ್ದು ಗೊತ್ತಾಗುವುದಿಲ್ಲ. ಬಂದವರು ತಲೆದೂಗುತ್ತಾರೆ. ಎಂಥ ಸುಲಭವಾಗಿ ಹೇಳಿದಿರಿ ಎನ್ನುತ್ತಾರೆ. ಎರಡು ವರ್ಷದ ಹಿಂದೆ ಅಂಥ ಒಂದು ತಂಡದ ಎದುರಿಗೇ ಹೊಸದಾಗಿ ಬಂದ ಪ್ರೋಗ್ರಾಮರ್, ಅವನ ಅರ್ಧ ವಯಸ್ಸಿನವಳು, ನಗುನಗುತ್ತಲೇ ಅಂದಿದ್ದಳು, "ಸರ್ ಹೇಳಿದ್ದು ಆಗಿನ ಕಾಲದ್ದು. ಈಗ ಅದನ್ನೆಲ್ಲ ಸಾಫ್ಟ್‌ವೇರ್ ನೋಡ್ಕೊಳ್ಳತ್ತೆ." ಬಂದವರು ಅವಳ ಕಡೆ ತಿರುಗಿದ್ದರು. ಅವನ ಕೈ ಇನ್ನೂ ಇಲ್ಲದ ನೀರನ್ನು ಬಡಿಯುತ್ತಿತ್ತು. ಅದೇ ವಾರ ಅವಳು ಬರೆದ ಎರಡು ಪುಟದ ಸುತ್ತೋಲೆ ಬಂತು. ಅದನ್ನು ಅವನು ಓದದೆ ಸಹಿ ಹಾಕಿ ಕಳಿಸಿದ. ಇವಳು ಹುಟ್ಟುವ ಮೊದಲೇ ಹಲಗೆ ಮುಟ್ಟಿದವನಿಗೆ ಇವಳೇನು ಹೇಳಿಕೊಡುವುದು.

ಸುತ್ತೋಲೆಯಲ್ಲಿ ಇದ್ದದ್ದು ಇಷ್ಟು: ಬಿಲ್ಲೆಗಳನ್ನು ಇನ್ನು ಮೇಲೆ ಹಲಗೆಯ ಮುಂದೆ ನಿಂತು ಎಡದಿಂದ ಎಣಿಸಬೇಕು, ಈಗ ಎಲ್ಲ ಕಡೆಯೂ ಹಾಗೇ. ಅವನ ಕಾಲದಲ್ಲಿ ಹಿಂದೆ ನಿಂತು ಎಣಿಸುತ್ತಿದ್ದರು, ವೈರು ಚುಚ್ಚುವುದು ಹಿಂದಿನಿಂದ ತಾನೇ. ಯಾವ ಬಿಲ್ಲೆ ಎಲ್ಲಿದೆ ಎಂಬ ಪಟ್ಟಿ ನೋಡಿಕೊಂಡೇ ಯಂತ್ರ ಯಾರು ಮೊದಲು, ಯಾರು ತಡ ಎಂದು ತೀರ್ಮಾನಿಸುತ್ತದೆ. ಸುತ್ತೋಲೆ ಬಂದ ಮೇಲೆ ತಯಾರಾದ ಮೊದಲ ಹೊಸ ಹಲಗೆ ಇದು; ಇದರ ಪಟ್ಟಿ ಮಾಡುವ ಕೆಲಸವನ್ನು ಅವನು ಗುಂಡನಿಗೆ ಕೊಟ್ಟ. ಹಲಗೆಯ ಹಿಂದೆ ನಿಲ್ಲಿಸಿ, ಹೆಗಲ ಮೇಲೆ ಕೈಯಿಟ್ಟು, ಇಲ್ಲಿಂದ ಎಡಕ್ಕೆ ಮೊದಲನೆಯದು ಒಂದು ಎಂದು ಎರಡೆರಡು ಸಲ ಹೇಳಿಕೊಟ್ಟ. ಗುಂಡ ಹಾಗೆಯೇ ಮಾಡಿದ. ಒಂದೂ ತಪ್ಪಿಲ್ಲದೆ ಮಾಡಿದ. ಅಲೆಯನ್ನು ನೇರ ಮುಂದಕ್ಕೆ ಬಿಟ್ಟು ಪರೀಕ್ಷಿಸಿದಾಗ ಎಲ್ಲ ಸರಿಯಾಗಿಯೇ ಇತ್ತು, ಎಲ್ಲರೂ ಒಟ್ಟಿಗೆ ಬಡಿಯುವಾಗ ಎಡತುದಿ ಯಾವುದಾದರೇನು, ಬಲತುದಿ ಯಾವುದಾದರೇನು. ಓರೆಗೆ ತಿರುಗಿಸಿ ನೋಡಬೇಕಿತ್ತು. ಆದರೆ ಗುರುವಾರವೇ ತೋರಿಸಬೇಕೆಂದು ಕಂಪನಿಯ ಮುಖ್ಯಸ್ಥೆ, ಮೇಡಂ, ಅವಸರ ಮಾಡಿದರು. ಗುರುವಾರ ಬಂದರಿನಲ್ಲಿ, ದೋಣಿಯ ಮೇಲೆ, ಕೊಳ್ಳಲು ಬಂದ ಆರು ಜನರ ಮುಂದೆ ಹಲಗೆ ಕೂರಿಸಿದರು. ದೋಣಿಯ ಮೂತಿ ಉಪಗ್ರಹದ ಕಡೆಗಿರುವ ತನಕ ಪರದೆಯ ಮೇಲೆ ಚಿತ್ರ ಹೊಳೆಯಿತು. ದೋಣಿ ಎಡಕ್ಕೆ ಹೊರಳಿದ ಕೂಡಲೇ ಹಲಗೆಯ ಅಲೆ ಬಲಕ್ಕೆ ಹೊರಳಿ ಉಪಗ್ರಹವನ್ನು ಹಿಡಿದುಕೊಂಡಿರಬೇಕು. ಅದೂ ಎಡಕ್ಕೇ ಹೋಯಿತು. ಇನ್ನಷ್ಟು ಹೊರಳಿಸಿದರು, ಇನ್ನಷ್ಟು ದೂರ ಹೋಯಿತು. ಪರದೆ ಕಪ್ಪಾಯಿತು. ಆರು ಜನರಲ್ಲಿ ಒಬ್ಬ ಕಡಲಕಾಗೆಯ ಫೋಟೋ ತೆಗೆಯತೊಡಗಿದ. ಮೇಡಂ ಮುಖ ಹುಳ್ಳಗೆ ಮಾಡಿಕೊಂಡು ಎಲ್ಲರಿಗೂ ಕಾಫಿ ಕೊಡಿಸಿದರು.

ಶುಕ್ರವಾರ ಅವನು ಒಬ್ಬನೇ ಪರೀಕ್ಷೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. ಗೋಡೆ, ಸೂರು, ನೆಲ, ಎಲ್ಲೆಡೆ ಕಪ್ಪು ಸ್ಪಂಜಿನ ಮೊನೆಗಳು. ಅಲ್ಲಿ ಅಲೆಯಾಗಲಿ ಸದ್ದಾಗಲಿ ಗೋಡೆಗೆ ಬಡಿದು ವಾಪಸು ಬರುವುದಿಲ್ಲ. ಇಡೀ ಆಫೀಸಿನಲ್ಲಿ ಅವನಿಗೆ ಇಷ್ಟವಾದ ಜಾಗ ಅದೊಂದೇ. ಪಟ್ಟಿ ಕೈಯಲ್ಲಿ ಹಿಡಿದು ಹಲಗೆಯ ಮುಂದೆ ನಿಂತ, ಆಮೇಲೆ ಹಿಂದೆ ಹೋಗಿ ನಿಂತ, ಮತ್ತೆ ಮುಂದೆ ಬಂದ. ಹಿಂದೆ ನಿಂತಾಗ ಎಡಕ್ಕಿದ್ದ ಒಂದನೆಯದು ಮುಂದೆ ಬಂದರೆ ಬಲಕ್ಕಿತ್ತು. ಎರಡು ವರ್ಷದ ಹಿಂದೆ ಸಹಿ ಹಾಕಿದ ಕಾಗದವನ್ನು ಹುಡುಕಿ ತಂದು ಆಗ ಓದಿದ, ನಿಂತೇ ಓದಿದ. "ನಾನೇ," ಎಂದ ಗಟ್ಟಿಯಾಗಿ. ಕೋಣೆ ಅದನ್ನು ನುಂಗಿಕೊಂಡಿತು. ತನ್ನ ಕಿವಿಗೇ ಅದು ಬೇರೆ ಯಾರೋ ದೂರದಲ್ಲಿ ಆಡಿದ ಮಾತಿನ ಹಾಗೆ ಕೇಳಿಸಿತು. ಹೇಳಿಯಾಯಿತಲ್ಲ ಎಂದು ಮನಸ್ಸು ಹಗುರ ಕೂಡ ಆಯಿತೆಂದರೆ ಆ ಮನಸ್ಸಿನ ನಾಚಿಕೆಗೇಡಿತನಕ್ಕೆ ಏನು ಹೇಳೋಣ. ಶನಿವಾರ ಹೇಳಬಹುದಿತ್ತು. ಭಾನುವಾರ ಗುಂಡ ಮನೆಗೆ ಬಂದು ಸಂಜೆಯ ತನಕ ಸೋಫಾದ ತುದಿಯಲ್ಲಿ ಕೂತಿದ್ದಾಗ ಹೇಳಬಹುದಿತ್ತು. ಹೇಳಿದರೆ ಏನಾಗುತ್ತದೆ? ತನ್ನನ್ನು ಕೆಲಸದಿಂದ ತೆಗೆಯುವುದಿಲ್ಲ, ಅಷ್ಟು ವರ್ಷವಾಗಿದೆ. ಗೋದಾಮಿನ ಉಸ್ತುವಾರಿಗೆ ಹಾಕುತ್ತಾರೆ; ಪರೀಕ್ಷೆಯ ಕೋಣೆಯ ಕೀಲಿಯನ್ನು ಆ ಪ್ರೋಗ್ರಾಮರ್ ಕೈಗೆ ಕೊಡುತ್ತಾರೆ; ಅವಳು ನಗುನಗುತ್ತಲೇ ತೆಗೆದುಕೊಳ್ಳುತ್ತಾಳೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಆ ನಗು, ಇನ್ನೊಂದರಲ್ಲಿ ಗುಂಡನ ಹೆಂಡತಿ, ಮಗಳು, ಸುಣ್ಣ ಹೊಡೆದ ಎರಡು ಕೋಣೆ. ಯಾವುದು ಭಾರವಾಯಿತೆಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಭಾನುವಾರವಿಡೀ ತೂಗುತ್ತ ಕೂತ.

ಹನ್ನೊಂದಕ್ಕೆ ಐದು ನಿಮಿಷವಿರುವಾಗಲೇ ಎಲ್ಲರೂ ಬಂದು ಕೂತಿದ್ದರು: ಮೇಡಂ, ಪ್ರೋಗ್ರಾಮರ್, ಹಲಗೆ ಕೂರಿಸುವ ಫಿಟ್ಟರ್, ಅವನು. ಗುಂಡನಿಗೂ ಕುರ್ಚಿಯಿತ್ತು, ಆದರೆ ಕೂರು ಎಂದು ಯಾರೂ ಹೇಳದ್ದರಿಂದ ಅದರ ಬೆನ್ನು ಹಿಡಿದುಕೊಂಡು ನಿಂತಿದ್ದ. "ಆರು ಜನರ ಎದುರಿಗೆ ನನ್ನ ಮಾನ ಹರಾಜಾಯ್ತು," ಎಂದು ಮೇಡಂ ಶುರುಮಾಡಿದರು, ಬಹಳ ಸಮಾಧಾನವಾಗಿ. "ಯಾರಿಂದ ಅಂತ ತಿಳ್ಕೊಂಡು ಊಟಕ್ಕೆ ಹೋಗೋಣ." ಪ್ರೋಗ್ರಾಮರ್ ಪರದೆಯ ಮೇಲೆ ಪಟ್ಟಿ ತೋರಿಸಿ, "ನನ್ನ ಪ್ರೋಗ್ರಾಮ್ ಸರಿ ಇದೆ. ಪಟ್ಟಿಯಲ್ಲಿ ಎಡಬಲ ಪೂರ್ತಿ ತಿರುಗಾಮುರುಗಾ," ಎಂದಳು. ಫಿಟ್ಟರ್ ಫೋನು ಮುಂದೆ ಚಾಚಿ, "ಹಲಗೆ ನೆಟ್ಟಗೇ ಕೂರ್ಸಿದೀನಿ, ಫೋಟೋ ಐತೆ," ಎಂದ. ಎರಡೂ ನಿಜ. "ಓರೆಗಿಟ್ಟು ಒಂದ್ಸಲ ನೋಡಿದ್ರೆ ಅವತ್ತೇ ಸಿಕ್ಕಿಬೀಳ್ತಿತ್ತು," ಎಂದು ಪ್ರೋಗ್ರಾಮರ್ ಮಾತು ಮುಂದುವರಿಸಿದಳು. ಮೇಡಂ ಪೆನ್ನಿನ ಮುಚ್ಚಳ ಹಾಕಿ, "ಟೈಮ್ ಇರ್ಲಿಲ್ಲ. ಅದು ಬೇರೆ ವಿಷಯ," ಎಂದರು. ಅವಳು ಪರದೆ ಆರಿಸಿದಳು. ಯಾರೂ ಯಾರ ಜೊತೆಯೂ ಮಾತಾಡಿಕೊಂಡು ಬಂದಿರಲಿಲ್ಲ. ಒಬ್ಬೊಬ್ಬರೂ ತಮ್ಮ ಪಾಲಿನ ಸಣ್ಣ ಮಾತು ಆಡಿ, ಮುಂದಿನವರಿಗೆ ಜಾಗ ಬಿಟ್ಟು, ಸುಮ್ಮನಾಗುತ್ತಿದ್ದರು, ಮತ್ತು ಎಲ್ಲರ ಕಣ್ಣೂ ಆ ಖಾಲಿ ಕುರ್ಚಿಯ ಹಿಂದೆ ನಿಂತವನ ಕಡೆಗೆ ತಿರುಗುತ್ತಿದ್ದವು. ಅದು ಹೇಗೆ ಆಗುತ್ತದೆಂದು ಈ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನೇ.

"ಪಟ್ಟಿ ನಿಮ್ಮದೇ ಅಲ್ವಾ?" ಎಂದು ಮೇಡಂ ಗುಂಡನನ್ನು ಕೇಳಿದರು. "ಹೌದು ಮೇಡಂ." "ನೀವು ಬರೆಯೋದು ಯಾವ ಕೈಲಿ?" ಗುಂಡನಿಗೆ ಅರ್ಥವಾಗಲಿಲ್ಲ. "ಬಲಗೈಲಿ ಮೇಡಂ." "ಎತ್ತಿ, ನೋಡೋಣ." ಗುಂಡ ಬಲಗೈ ಎತ್ತಿದ. "ಪರವಾಗಿಲ್ಲ, ಅಷ್ಟು ಗೊತ್ತಿದೆ. ಈಗ ಎಡಗೈ?" ಎಡಗೈಯನ್ನೂ ಎತ್ತಿದ. ಎರಡು ಕೈ ಮೇಲೆತ್ತಿಕೊಂಡು, ಷರ್ಟು ಪ್ಯಾಂಟಿನಿಂದ ಹೊರಗೆ ಬಂದು, ಉಗುರಿನಲ್ಲಿ ಸುಣ್ಣ ಹೊತ್ತುಕೊಂಡು ಗುಂಡ ನಿಂತದ್ದನ್ನು ನೋಡಿ ಫಿಟ್ಟರ್ ಕಿಸಕ್ಕೆಂದ, ಪ್ರೋಗ್ರಾಮರ್ ತುಟಿ ಕಚ್ಚಿಕೊಂಡಳು. ಅವನೂ ನಕ್ಕ. ನಕ್ಕಿದ್ದು ತಾನೇ ಎಂದು ತಿಳಿಯುವ ಹೊತ್ತಿಗೆ ಗುಂಡ ಅದನ್ನು ನೋಡಿಯಾಗಿತ್ತು. ನೋಡಿ, ಭಾವ ನಕ್ಕರಲ್ಲ, ಹಾಗಾದರೆ ಇದು ತಮಾಷೆಯೇ ಇರಬೇಕು, ಅಂಥ ಭಯವೇನಿಲ್ಲ ಎಂದು ತಾನೂ ಪೆಚ್ಚುಪೆಚ್ಚಾಗಿ ನಕ್ಕ. "ಕೈ ಇಳಿಸಿ," ಎಂದರು ಮೇಡಂ. "ಈ ಕೆಲಸ ಹೇಳಿಕೊಟ್ಟವರು ಯಾರು?"

ಅವನ ಗಂಟಲಿನಲ್ಲಿ ಒಂದು ಮಾತು ಎದ್ದಿತ್ತು; ಅದು ಯಾವ ಮಾತೆಂದು ಅವನು ಆಮೇಲೆ ಎಷ್ಟು ನೆನಪಿಸಿಕೊಂಡರೂ ಹೊಳೆಯಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಗುಂಡನೇ ಹೇಳಿಬಿಟ್ಟ. "ಸರ್ ಹೇಳ್ಕೊಟ್ರು ಮೇಡಂ. ಸರಿಯಾಗೇ ಹೇಳ್ಕೊಟ್ರು. ಎರಡೆರಡು ಸಲ ಹೇಳ್ಕೊಟ್ರು. ನಾನೇ ಎಲ್ಲೋ ಎಡವಿದೀನಿ." ಇದೇ ದನಿ, ಇದಕ್ಕಿಂತ ತೆಳ್ಳಗೆ, ಮದುವೆಯಾದ ಹೊಸದರಲ್ಲಿ ಅತ್ತೆಯ ಮನೆಯ ಹಿಂದಿನ ಇಳಿಜಾರಿನಲ್ಲಿ, ಎಂಟು ವರ್ಷದ ಗುಂಡನಿಗೆ ಸೈಕಲ್ ಕಲಿಸುತ್ತಿದ್ದಾಗ ಕೇಳಿದ್ದ. ಹಿಡಿದಿದೀನಿ, ತುಳಿ, ಹಿಡಿದಿದೀನಿ ಎನ್ನುತ್ತಲೇ ಕೈ ಬಿಟ್ಟಿದ್ದ, ಹೊಸ ಹೆಂಡತಿ ಕಿಟಕಿಗೆ ಬಂದಳೇನೋ ಎಂದು ತಿರುಗಿ ನೋಡಲು. ಹುಡುಗ ಹೋಗಿ ಕಲ್ಲಿನ ಗುಡ್ಡೆಗೆ ಬಿದ್ದು ಮೊಣಕಾಲು ಕಿತ್ತುಕೊಂಡ. ಅಕ್ಕ ಓಡಿ ಬಂದು ಕೇಳಿದಾಗ ಅಳದೆ ಹೇಳಿದ: ಭಾವ ಹಿಡ್ಕೊಂಡೇ ಇದ್ರು ಅಕ್ಕ, ನಾನೇ ಬಿದ್ದೆ. ಆ ಮೊಣಕಾಲಿಗೆ ಅವನೇ ಔಷಧಿ ಹಚ್ಚಿದ್ದ. ಎಷ್ಟು ಒಳ್ಳೆಯವರು ಇವರು ಎಂಬಂತೆ ಹೆಂಡತಿ ನೋಡಿದ್ದಳು. "ಹೌದಾ ಮೇಷ್ಟ್ರೇ?" ಎಂದು ಮೇಡಂ ಕೇಳುತ್ತಿದ್ದರು. "ಹೇಳ್ಕೊಟ್ಟಿದ್ದೆ ಮೇಡಂ," ಎಂದ ಅವನು. ಅದೂ ನಿಜವೇ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಯಾರೂ ಮುಂದೆ ಕೇಳಿರಲಿಲ್ಲ. "ಅವನ ಮೇಲೆ ಕೋಪ ಮಾಡ್ಕೋಬೇಡಿ, ಪಾಪ," ಎಂದು ಸೇರಿಸಿದ, ಕರುಣೆ ತುಂಬಿದ ದನಿಯಲ್ಲಿ. "ಮೊದಲಿಂದಲೂ ಸ್ವಲ್ಪ ಹಾಗೇ. ಆ ಮೀಟರ್ ಕಂಪನಿಯಿಂದ ತೆಗೆದಾಗಲೂ ಇಂಥದ್ದೇ ಏನೋ ಆಗಿತ್ತು."

ಮೇಡಂ ಅರ್ಜಿಯ ಹಾಳೆ ತಿರುವಿದರು. "ಮೀಟರ್ ಕಂಪನಿ? ಅದು ಇದರಲ್ಲಿ ಇಲ್ವಲ್ಲ." ಇರಲಿಲ್ಲ. ಅದನ್ನು ಬರೆಯಬೇಡ, ತೆಗೆದುಹಾಕಿದ್ದು ತಿಳಿದರೆ ತಗೊಳ್ಳಲ್ಲ ಎಂದು ಊಟದ ಮೇಜಿನ ಮೇಲೆ ಅರ್ಜಿ ಹರಡಿಕೊಂಡು ಹೇಳಿದ್ದವನು ಅವನೇ. ಬಾಯಿ ತಪ್ಪಿ ಬಂತೇ? ಹಾಗೆಂದುಕೊಳ್ಳಲು ಅವನಿಗೂ ಆಸೆಯಿತ್ತು. ಆದರೆ ಆ ಮಾತು ನಾಲಿಗೆಯಿಂದ ಜಾರುವಾಗ ಅದು ಎಲ್ಲಿಗೆ ಹೋಗಿ ಬೀಳುತ್ತದೆಂದು ಒಂದು ಕ್ಷಣ ಮೊದಲೇ ಕಂಡಿತ್ತಲ್ಲ, ಕಂಡೂ ಅವನು ಬಾಯಿ ಮುಚ್ಚಲಿಲ್ಲವಲ್ಲ. ಗುಂಡ ಅವನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ನನ್ನ ದೆಸೆಯಿಂದ ನೀವೂ ಸಿಕ್ಕಿಹಾಕಿಕೊಂಡಿರಿ ಎಂಬ ಗಾಬರಿ ಮಾತ್ರ ಇತ್ತು. "ನಾನೇ ಬರೀಲಿಲ್ಲ ಮೇಡಂ, ಮರೆತೆ," ಎಂದ. ಮೇಡಂ ಹಾಳೆ ಮುಚ್ಚಿದರು. ಎಡಬಲ ಗೊತ್ತಿಲ್ಲದವರನ್ನು ಇಟ್ಟುಕೊಳ್ಳಬಹುದು, ಸುಳ್ಳು ಹೇಳುವವರನ್ನಲ್ಲ, ತಿಂಗಳ ಕೊನೆಯವರೆಗೂ ಕಾಯುವುದು ಬೇಡ, ಇವತ್ತೇ ಗುರುತಿನ ಚೀಟಿ ಕೊಟ್ಟು ಹೋಗಿ ಎಂದರು. ಆಮೇಲೆ ಅವನ ಕಡೆ ತಿರುಗಿ, "ನಿಮ್ಮ ಪ್ರಾಮಾಣಿಕತೆಗೆ ಥ್ಯಾಂಕ್ಸ್ ಮೇಷ್ಟ್ರೇ. ಮನೆಯವರ ವಿಷಯದಲ್ಲಿ ಇದು ಸುಲಭ ಅಲ್ಲ," ಎಂದರು. ಅವನು ತಲೆ ತಗ್ಗಿಸಿದ, ಹೊಗಳಿಸಿಕೊಂಡವರು ತಗ್ಗಿಸುವ ಹಾಗೆಯೇ. ಊಟಕ್ಕೆ ಇನ್ನೂ ಮುಕ್ಕಾಲು ಗಂಟೆಯಿತ್ತು.

ಗುಂಡನನ್ನು ಮನೆಗೆ ಬಿಟ್ಟು ಬರುತ್ತೇನೆಂದು ಹೇಳಿ ಅವನೂ ಹೊರಟ. ಕಾರು ನಿಲ್ಲಿಸುವ ಜಾಗದಲ್ಲಿ ಬಿಸಿಲು ಸುಡುತ್ತಿತ್ತು. ಗುಂಡ ಆಗಲೇ ಅಕ್ಕನಿಗೆ ಫೋನು ಮಾಡಿದ್ದ. ಕಿವಿಯಿಂದ ಒಂದು ಗೇಣು ದೂರ ಹಿಡಿದಿದ್ದರೂ ಅವಳ ದನಿ ಕೇಳಿಸುತ್ತಿತ್ತು. "ಭಾವನ ಮುಖಾನಾದ್ರೂ ನೋಡ್ಬಾರ್ದಿತ್ತಾ? ನಿನ್ನನ್ನ ತಂದು ಸೇರಿಸಿದ ತಪ್ಪಿಗೆ ಅವರು ಎಲ್ಲರ ಮುಂದೆ ತಲೆ ತಗ್ಗಿಸೋ ಹಾಗಾಯ್ತಲ್ಲೋ! ಅವರ ಕಾಲು ಹಿಡ್ಕೊಂಡು ತಪ್ಪಾಯ್ತು ಅನ್ನು ಮೊದಲು." ಗುಂಡ ಫೋನು ಇಟ್ಟು ನಿಜವಾಗಿಯೂ ಬಗ್ಗಲು ಬಂದ. ಅವನು ಎರಡು ಹೆಜ್ಜೆ ಹಿಂದೆ ಸರಿದ. "ಇದೇನೋ ಇದು. ಬಿಡು. ಆಗೋದಾಯ್ತು," ಎಂದ. "ತಪ್ಪಾಯ್ತು ಭಾವ." "ಇರ್ಲಿ ಬಿಡು. ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ." ಕ್ಷಮಿಸುವುದು ಇಷ್ಟು ಸುಲಭವೆಂದು ಅವನಿಗೆ ತಿಳಿದಿರಲಿಲ್ಲ, ಹೇಳಿದ ಮೇಲೆ ಎದೆಯಲ್ಲಿ ಒಂದು ಬಗೆಯ ಔದಾರ್ಯ ಕೂಡ ಬೆಚ್ಚಗೆ ಹರಡಿತು. ಗುಂಡ ಕಣ್ಣೊರೆಸಿಕೊಂಡು ಹತ್ತಿರ ಬಂದ. ಫಿಟ್ಟರ್ ಹೊರಗೆ ಬಂದವನು ಗುಂಡನ ಕಿವಿಯಲ್ಲಿ ಒಂದು ಮಾತು ಹೇಳಿ ಹೋಗಿದ್ದನಂತೆ: ಊರಿನ ಆಚೆ ಬದಿಯಲ್ಲಿ ಇದೇ ಥರ ಹಲಗೆ ಮಾಡುವ ಇನ್ನೊಂದು ಕಂಪನಿ ಇದೆ, ತುರ್ತಾಗಿ ಒಬ್ಬರು ಬೇಕಂತೆ, ಫಿಟ್ಟರನ ಭಾಮೈದನೇ ಅಲ್ಲಿ ಮೇಸ್ತ್ರಿ. "ನಾಳೆ ಬೆಳಗ್ಗೆ ಬಾ ಅಂದಿದಾರೆ ಭಾವ. ಕಾಗದ ಪತ್ರ ಏನೂ ಕೇಳಲ್ವಂತೆ. ಒಂದು ಹಲಗೆ ಮುಂದಿಟ್ಟು, ಎಣಿಸಿ ಪಟ್ಟಿ ಮಾಡು ಅಂತಾರಂತೆ, ಅಷ್ಟೇ ಪರೀಕ್ಷೆ. ಅದೊಂದು ಸಿಕ್ಬಿಟ್ರೆ ಇದು ಹೋಗಿದ್ದು ನನ್ನ ಹೆಂಡತಿಗೆ ಗೊತ್ತೇ ಆಗಲ್ಲ. ತಿಂಗಳ ಕೊನೆಗೆ ಮಗುನ ಕರ್ಕೊಂಡು ಬಂದುಬಿಡ್ತಾಳೆ." ಮುಖದಲ್ಲಿ ಆಗಲೇ ಸ್ವಲ್ಪ ರಕ್ತ ಬಂದಿತ್ತು. "ಅದಕ್ಕೇ ಒಂದೇ ಒಂದು ಸಲ ಹೇಳ್ಬಿಡಿ. ಒಂದನೇದು ಎಲ್ಲಿಂದ? ಹಿಂದೆ ನಿಂತ್ಕೊಂಡು ಎಡಗಡೆ, ಅಲ್ವಾ?"

ಅವನು ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದವನು ನಿಲ್ಲಿಸಿದ. ಮುಂದೆ ನಿಂತು ಎನ್ನಬೇಕು. ಎರಡು ಪದ. ಇಲ್ಲಿ ಮೇಡಂ ಇಲ್ಲ, ಪ್ರೋಗ್ರಾಮರ್ ಇಲ್ಲ, ಪರೀಕ್ಷೆಯ ಕೋಣೆಯ ಕೀಲಿ ಕಿತ್ತುಕೊಳ್ಳುವವರು ಯಾರೂ ಇಲ್ಲ. ಹೇಳಿದರೆ ನಾಳೆ ಇವನಿಗೆ ಕೆಲಸ ಸಿಗುತ್ತದೆ. ಹೇಳಿದರೆ ಇವನು ಈ ಬಿಸಿಲಿನಲ್ಲಿ ನಿಂತು ಒಂದು ನಿಮಿಷ ಯೋಚಿಸುತ್ತಾನೆ, ಹಾಗಾದರೆ ಅವತ್ತು ಹಿಂದೆ ನಿಲ್ಲಿಸಿದ್ದು ಯಾಕೆ ಭಾವ ಎಂದು ಕೇಳುತ್ತಾನೆ. ಅಥವಾ ಕೇಳುವುದೇ ಇಲ್ಲ, ಸುಮ್ಮನೆ ನೋಡುತ್ತಾನೆ. ಆಮೇಲೆ ಯಾವತ್ತೋ ಅಕ್ಕನ ಹತ್ತಿರ ಮಾತಿಗೆ ಮಾತು ಬಂದು ಹೇಳುತ್ತಾನೆ. ಊಟದ ಮೇಜಿನ ಆಚೆ ಬದಿಯಿಂದ ಅವಳು ಕತ್ತೆತ್ತಿ ನೋಡುವುದು ಅವನಿಗೆ ಈಗಲೇ ಕಂಡಿತು. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಹಾಗೆ ನೋಡಿಲ್ಲ. ಗುಂಡ ಕಾಯುತ್ತಿದ್ದ, ಬಾಯಿ ಅರ್ಧ ತೆರೆದು, ಉತ್ತರ ಬಿದ್ದ ಕೂಡಲೇ ಹಿಡಿದುಕೊಳ್ಳುವವನ ಹಾಗೆ.

"ಹೌದು," ಎಂದ ಅವನು. "ಹಿಂದೆ ನಿಂತು ಎಡಗಡೆ."

"ಅಲ್ವಾ! ನನಗೆ ಸರಿಯಾಗೇ ನೆನಪಿತ್ತು ನೋಡಿ," ಎಂದ ಗುಂಡ. ಎಂಟು ತಿಂಗಳಲ್ಲಿ ಮೊದಲ ಸಲ ಹಲ್ಲು ಕಾಣುವಂತೆ ನಕ್ಕು, ಕಾರಿನ ಹಿಂದೆ ಹೋಗಿ ನೆಟ್ಟಗೆ ನಿಂತು, ಎಡಗಡೆಯ ದೀಪದ ಮೇಲೆ ಬೆರಳಿಟ್ಟ. "ಇದು ಒಂದು. ಇಲ್ಲಿಂದ ಹೀಗೆ ಎರಡು, ಮೂರು, ನಾಲ್ಕು. ಸರಿ ತಾನೇ ಭಾವ?"

"ಸರಿ," ಎಂದ ಅವನು. "ಅವಸರ ಮಾಡ್ಬೇಡ. ಇನ್ನೊಂದು ಸಲ ತೋರಿಸು."